ಬೋಲ್ಟಿಗೂ ಒಂದು ಕೊಡೆ ಬೇಕು

ತುಕ್ಕು ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಮೊದಲ ವರ್ಷದ ಕೆಮಿಸ್ಟ್ರಿ. ಗ್ಯಾಲ್ವನೈಸಿಂಗ್ ಎಂದರೇನು, ಚಿತ್ರ ಸಹಿತ ವಿವರಿಸಿ. ಬರೆದೆವು, ಪಾಸಾದೆವು, ಮರೆತೆವು. ಆದರೆ ಆ ಪಾಠ ಒಂದು ಕಡೆ ಬಂದು ನಿಂತುಬಿಡುತ್ತದೆ: ಸತುವಿನ ಲೇಪನ ಆಯಿತು, ಕಬ್ಬಿಣ ಬಚಾವಾಯಿತು. ಲೇಪನವಾದ ಬೋಲ್ಟು, ಸ್ಕ್ರೂಗಳು ಕಾರ್ಖಾನೆಯಿಂದ ಹೊರಟು, ಲಾರಿ ಹತ್ತಿ, ಘಾಟಿ ಏರಿ, ಅಂಗಡಿಯ ಮೂಲೆಯಲ್ಲಿ ತಿಂಗಳುಗಟ್ಟಲೆ ಕೂತು, ಆಮೇಲೆ ತಾನೇ ಯಾರದೋ ಮನೆಯ ಮಾಡು ಹಿಡಿಯಬೇಕು? ಆ ದಾರಿಯ ಬಗ್ಗೆ ನಮ್ಮನ್ನು ಯಾರೂ ಪ್ರಶ್ನೆ ಕೇಳಿಲ್ಲ. ನಮ್ಮ ವಾದ ಇಷ್ಟೇ: ಪ್ಯಾಕಿಂಗ್ ಅನ್ನೋದು ಬರೀ ಗೋಡೌನಿನವರ ಕೆಲಸ ಅಲ್ಲ, ಅದೂ ಇಂಜಿನಿಯರಿಂಗೇ. ಕೊಡಗಿನಲ್ಲಿ ಓದುವ ನಾವೇ ಇದನ್ನು ಹೇಳದಿದ್ದರೆ ಇನ್ಯಾರು ಹೇಳಬೇಕು?

ನಮ್ಮ ಜಿಲ್ಲೆಗೆ ರೈಲು ಇಲ್ಲ. ಒಂದು ಸ್ಕ್ರೂ ಬರಬೇಕಾದರೂ ರಸ್ತೆಯಲ್ಲೇ ಬರಬೇಕು. ಮೈಸೂರು ಕಡೆಯಿಂದಾದರೆ ಕುಶಾಲನಗರ ದಾಟಿ, ಮಂಗಳೂರು ಕಡೆಯಿಂದಾದರೆ ಸಂಪಾಜೆ ಘಾಟಿ ಹತ್ತಿ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಈಗ ಒಂದು ಚಿಕ್ಕ ಲೆಕ್ಕ ಹಾಕೋಣ. ಮಂಗಳೂರಿನಲ್ಲಿ ಪೆಟ್ಟಿಗೆ ಮುಚ್ಚುವಾಗ ಒಳಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 70 ಅಂತ ಇಟ್ಟುಕೊಳ್ಳಿ. ಆ ಗಾಳಿ ಸುಮಾರು 24 ಡಿಗ್ರಿಗೆ ತಣಿದರೆ ಇಬ್ಬನಿ ಕಟ್ಟಲು ಶುರು. ಮಳೆಗಾಲದ ಮಡಿಕೇರಿಯ ರಾತ್ರಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಅಂದರೆ ಟಾರ್ಪಾಲು ಎಷ್ಟೇ ಬಿಗಿಯಾಗಿರಲಿ, ಹೊರಗಿನ ಒಂದು ಹನಿ ಒಳಗೆ ಬರದೇ ಇರಲಿ, ಪೆಟ್ಟಿಗೆಯೊಳಗೇ ಮಳೆ ಹುಟ್ಟಬಹುದು. ರಟ್ಟು ಮೊದಲೇ ತೇವ ಕುಡಿದಿದ್ದರಂತೂ ಕೇಳುವುದೇ ಬೇಡ.

ಆಮೇಲೆ ಬರುವುದೇ ಬಿಳಿ ತುಕ್ಕು. ಸತು ತನ್ನನ್ನು ತಾನು ಕಾಪಾಡಿಕೊಳ್ಳಲು ಗಾಳಿ ಬೇಕು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸೇರಿದರೆ ಅದರ ಮೇಲೆ ಗಟ್ಟಿಯಾದ ಕಾರ್ಬೊನೇಟ್ ಪದರ ಬೆಳೆಯುತ್ತದೆ, ಅದೇ ಅದರ ಕವಚ. ಆದರೆ ಸ್ಕ್ರೂಗಳು ಒಂದಕ್ಕೊಂದು ಅಂಟಿಕೊಂಡು, ನಡುವೆ ನೀರು ಸಿಕ್ಕಿಕೊಂಡು, ಗಾಳಿಯೇ ಆಡದಿದ್ದರೆ ಆ ಕವಚ ಕಟ್ಟುವುದಿಲ್ಲ. ಬದಲಿಗೆ ಸತು ಬಿಳಿ ಪುಡಿಯಾಗಿ ಸವೆಯುತ್ತಾ ಹೋಗುತ್ತದೆ. ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಬೋಲ್ಟಿಗೆ 40–50 ಮೈಕ್ರಾನ್ ಆಸುಪಾಸಿನ ಲೇಪನ ಇರುವುದರಿಂದ ತೆಳು ಬಿಳಿ ಕಲೆ ಅಷ್ಟೇನೂ ಭಯ ಹುಟ್ಟಿಸಬೇಕಿಲ್ಲ. ಆದರೆ ವಿದ್ಯುತ್ ಲೇಪನದ ಸ್ಕ್ರೂಗೆ ಇರುವುದು ಐದಾರರಿಂದ ಹನ್ನೆರಡು ಮೈಕ್ರಾನ್. ನಮ್ಮ ತಲೆಗೂದಲೇ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ! ಅಲ್ಲಿ ಕಳೆದುಕೊಳ್ಳಲು ಏನೂ ಇಲ್ಲ.

ಇನ್ನೊಂದು ಪೆಟ್ಟು ಕುಲುಕಾಟದ್ದು. ಗೋಣಿಚೀಲಕ್ಕೆ ಸುರಿದ ಬೋಲ್ಟುಗಳು ತಿರುವು ತಿರುವಿಗೂ ಒಂದನ್ನೊಂದು ಉಜ್ಜುತ್ತವೆ. ಮೊದಲು ಸವೆಯೋದು ಮರೆಯ ಅಂಚು. ಪೆಟ್ಟಿಗೆ ಮೇಲೆ ಉಪ್ಪುಮಂಜಿನ ಪರೀಕ್ಷೆಯಲ್ಲಿ ಇಷ್ಟು ಗಂಟೆ ತಾಳಿದೆ ಅಂತ ಬರೆದಿರುತ್ತದೆ, ನಾವೂ ಹೌದಪ್ಪಾ ಅಂತ ನಂಬುತ್ತೇವೆ. ಶೇ. 5ರ ಉಪ್ಪುನೀರು, 35 ಡಿಗ್ರಿ ಶಾಖ, ಎಲ್ಲ ಸರಿಯೇ. ಆದರೆ ಆ ಪರೀಕ್ಷೆಗೆ ಕೂತದ್ದು ಹೊಸ ಸ್ಕ್ರೂವೋ, ಘಾಟಿ ಹತ್ತಿ ಬಂದದ್ದೋ? ಈ ಪ್ರಶ್ನೆ ಕೇಳುವವರು ಬೇಕು.

ಭಾರತೀಯ ಮಾನಕದಲ್ಲಿ ಇದಕ್ಕೆ ಜಾಗ ಇಲ್ಲವೆಂದಲ್ಲ. ಬೋಲ್ಟು-ನಟ್ಟುಗಳ ಐಎಸ್ 1367ರಲ್ಲಿ 13ನೇ ಭಾಗ ಬಿಸಿ ಸತು ಲೇಪನದ್ದು, 18ನೇ ಭಾಗ ಪ್ಯಾಕಿಂಗಿನದ್ದೇ. ಮಾಡಬೇಕಾದ್ದೂ ರಾಕೆಟ್ ವಿಜ್ಞಾನ ಅಲ್ಲ. ಲೇಪನ ಪೂರ್ತಿ ಒಣಗಿ ತಣಿದ ಮೇಲೇ ತುಂಬುವುದು, ಮುಚ್ಚಿದ ಪಾಲಿಥಿನ್ ಚೀಲದ ಒಳಗೆ ಸಿಲಿಕಾ ಜೆಲ್, ತುಕ್ಕು ತಡೆಯುವ ಆವಿ ಬಿಡುವ ವಿಸಿಐ ಕಾಗದ (ಅದೂ ಸತುವಿಗೆ ಹೊಂದುವಂಥದ್ದೇ, ಕಬ್ಬಿಣಕ್ಕೆಂದೇ ಮಾಡಿದ್ದು ಇಲ್ಲಿ ಸಲ್ಲದಿರಬಹುದು), ದೊಡ್ಡ ಚೀಲದ ಬದಲು ಅಲುಗಾಡದಂತೆ ತುಂಬಿದ ಸಣ್ಣ ಪೆಟ್ಟಿಗೆ, ನೆಲಕ್ಕೆ ತಾಗದಂತೆ ಪ್ಯಾಲೆಟ್.

ಖರ್ಚು ಜಾಸ್ತಿ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುತ್ತದೆ. ಆದರೆ ಜುಲೈ ಮಳೆಯಲ್ಲಿ ಜಾರುವ ಮಾಡಿನ ಮೇಲೆ ಒಬ್ಬ ಕೆಲಸದವರನ್ನು ಹತ್ತಿಸಿ ಒಂದು ಸ್ಕ್ರೂ ಬದಲಿಸುವ ಖರ್ಚನ್ನೂ, ಅಪಾಯವನ್ನೂ ಪಕ್ಕದಲ್ಲಿಟ್ಟು ನೋಡಿ. ಇನ್ನು ಕಾವೇರಿ ಹುಟ್ಟುವ ನಾಡಿಗೆ ಇನ್ನಷ್ಟು ಪ್ಲಾಸ್ಟಿಕ್ ಬೇಕಾ ಅನ್ನುವ ಮಾತು. ಈ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಬಳಸುವ, ಅಂಗಡಿಯಿಂದ ವಾಪಸ್ ಹೋಗುವ ಡಬ್ಬಿಗಳ ಏರ್ಪಾಡು ಬೇಕು. ಅದನ್ನು ವಿನ್ಯಾಸ ಮಾಡುವುದೂ ಇಂಜಿನಿಯರರ ಕೆಲಸವೇ.

ನಿಜ ಹೇಳಬೇಕೆಂದರೆ ಈ ವಿದ್ಯೆ ಕೊಡಗಿಗೆ ಹೊಸದೇನಲ್ಲ. ಕಾಫಿ ಬೆಳೆಗಾರರು ತೇವ ಇರುವ ಬೀಜವನ್ನು ಚೀಲಕ್ಕೆ ತುಂಬುತ್ತಾರಾ? ಶೇ. 10–11ರ ಆಸುಪಾಸಿಗೆ ಬರುವವರೆಗೂ ಕಣದಲ್ಲಿ ಹರಡಿ, ಕೈಯಾಡಿಸಿ ಒಣಗಿಸುತ್ತಾರೆ. ಚೀಲವನ್ನು ಬರೀ ನೆಲದ ಮೇಲೆ ಇಡುವುದಿಲ್ಲ, ಗೋಡೆಗೆ ಒರಗಿಸುವುದಿಲ್ಲ. ಕಾಫಿಗೆ ಸಿಗುವ ಮರ್ಯಾದೆ ಆ ಕಾಫಿ ಇಟ್ಟ ಗೋದಾಮಿನ ಮಾಡು ಹಿಡಿದಿರುವ ಸ್ಕ್ರೂಗೆ ಯಾಕಿಲ್ಲ?

2018ರ ಆಗಸ್ಟ್ ನಮಗೆ ಮರೆತಿಲ್ಲ. ಗುಡ್ಡ ಕುಸಿದು ರಸ್ತೆ ಕಡಿದುಹೋದಾಗ ಏನೇ ಸಾಮಾನು ಬೇಕಿದ್ದರೂ ಬರುವ ದಾರಿ ಇರಲಿಲ್ಲ. ಅಂಥ ದಿನ ನಮ್ಮ ಕೈಗೆ ಸಿಗೋದು ಅಂಗಡಿಯಲ್ಲಿ ಮೊದಲೇ ಇರುವ ಪೆಟ್ಟಿಗೆ ಮಾತ್ರ. ಅದು ಬಿಳಿ ಪುಡಿ ಹಿಡಿದು ಕೂತಿದ್ದರೆ? ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಗುತ್ತದೆ.

ಹಾಗಾಗಿ ಕೊನೇ ವರ್ಷದ ಪ್ರಾಜೆಕ್ಟ್ ಹುಡುಕುತ್ತಿರುವ ಗೆಳೆಯ ಗೆಳತಿಯರಿಗೆ ನಮ್ಮದೊಂದು ಸಲಹೆ. ಒಂದೇ ಬ್ಯಾಚಿನ ಸ್ಕ್ರೂಗಳನ್ನು ಗೋಣಿಚೀಲ, ಬರೀ ರಟ್ಟು, ಸಿಲಿಕಾ ಜೆಲ್ ಹಾಕಿ ಮುಚ್ಚಿದ ಚೀಲ, ಹೀಗೆ ಮೂರು ಬಗೆಯಲ್ಲಿ ಕಟ್ಟಿ. ಒಳಗೊಂದು ಆರ್ದ್ರತೆ ಅಳೆಯುವ ಸೆನ್ಸರ್ ಇಡಿ. ಜೂನ್‌ನಲ್ಲಿ ಘಾಟಿ ಹತ್ತಿಸಿ, ಸೆಪ್ಟೆಂಬರ್‌ನಲ್ಲಿ ಬಿಚ್ಚಿ ನೋಡಿ. ಸಿಕ್ಕ ಉತ್ತರವನ್ನು ಪೊನ್ನಂಪೇಟೆ, ಕುಶಾಲನಗರ, ಮಡಿಕೇರಿಯ ಹಾರ್ಡ್‌ವೇರ್ ಅಂಗಡಿಯವರಿಗೆ ಕನ್ನಡದಲ್ಲೇ ಬರೆದು ಕೊಡಿ. ಖರೀದಿ ಮಾಡುವವರು ಲೇಪನ ಎಷ್ಟು ಮೈಕ್ರಾನ್ ಅಂತ ಕೇಳುವ ಹಾಗೆಯೇ ಪ್ಯಾಕಿಂಗ್ ಹೇಗೆ ಅಂತಲೂ ಕೇಳಲು ಶುರು ಮಾಡಿದರೆ, ಕಳಿಸುವವರು ತಾವಾಗಿಯೇ ದಾರಿಗೆ ಬರುತ್ತಾರೆ.