ಹಬ್ಬದೂಟದ ಗೊಜ್ಜು: ನಿಯಮವೆಷ್ಟು, ಸ್ವಾತಂತ್ರ್ಯವೆಷ್ಟು?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರತಿವರ್ಷವೂ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರದಂದು ‘ಥ್ಯಾಂಕ್ಸ್‌ಗಿವಿಂಗ್’ ಎಂಬ ಕೃತಜ್ಞತೆಯ ಹಬ್ಬವನ್ನು ಆಚರಿಸುತ್ತಾರೆ. ಅಂದಿನ ಊಟದಲ್ಲಿ ಟರ್ಕಿ ಕೋಳಿಯ ಮಗ್ಗುಲಲ್ಲಿ ಮಾಣಿಕ್ಯದಂತೆ ಹೊಳೆಯುವ ಹುಳಿಸಿಹಿಯ ವ್ಯಂಜನವೊಂದು ಇರಲೇಬೇಕು. ಅದೇ ಕ್ರ್ಯಾನ್‌ಬೆರಿ ಸಾಸ್. ಅದನ್ನು ನಾವು ಗೊಜ್ಜು ಎಂದು ಕರೆದರೆ ತಪ್ಪಾಗಲಾರದು. ಅಲ್ಲಿ ನೆಲೆಸಿರುವ ಅನೇಕ ಕನ್ನಡಿಗರ ಮನೆಗಳಲ್ಲಿಯೂ ಈ ಹಬ್ಬದೂಟ ರೂಢಿಗೆ ಬಂದಿದೆ. ಮಾಂಸ ತಿನ್ನದವರ ಮನೆಯಲ್ಲಿ ಕೋಳಿ ಇಲ್ಲದಿದ್ದರೂ ಗೊಜ್ಜು ಇರುತ್ತದೆ. ಅದಕ್ಕೆ ಹೊಸ ರುಚಿಯೊಂದನ್ನು ಕೂಡಿಸಬೇಕೆಂಬ ಉತ್ಸಾಹವೂ ಗೃಹಿಣಿಯರಲ್ಲಿ ಕಾಣುತ್ತದೆ.

ಈ ಉತ್ಸಾಹವನ್ನು ನಾವು ಮೆಚ್ಚುತ್ತೇವೆ. ಆದರೆ ಪಾಕವನ್ನು ಬದಲಿಸಹೊರಟವರಿಗೆ ಒಂದು ವಿವೇಕ ಬೇಕು. ಅದರಲ್ಲಿ ಪ್ರಕೃತಿಯ ನಿಯಮವೆಷ್ಟು, ಕೇವಲ ರೂಢಿಯೆಷ್ಟು ಎಂಬುದನ್ನು ಅವರು ಬೇರ್ಪಡಿಸಿ ನೋಡಬಲ್ಲವರಾಗಿರಬೇಕು. ರೂಢಿಯನ್ನು ಮುರಿದರೆ ಹೊಸ ರುಚಿ ಹುಟ್ಟುತ್ತದೆ. ನಿಯಮವನ್ನು ಮುರಿದರೆ ಪಾತ್ರೆ ತೊಳೆಯುವ ಕೆಲಸ ಹುಟ್ಟುತ್ತದೆ. ಈ ವಿವೇಕ ಪದವಿಯೊಡನೆ ತಾನಾಗಿ ಬರುವುದಿಲ್ಲವೆಂಬುದಕ್ಕೆ ನಾವೇ ಸಾಕ್ಷಿ.

ಮೊದಲು ಹಣ್ಣಿನ ಪರಿಚಯವಾಗಲಿ. ಕ್ರ್ಯಾನ್‌ಬೆರಿ ಉತ್ತರ ಅಮೆರಿಕದ ಜೌಗುನೆಲಗಳಲ್ಲಿ ಹಬ್ಬಿ ಬೆಳೆಯುವ ಬಳ್ಳಿಯ ಫಲ. ಅದರ ಹುಳಿ ನಮ್ಮ ಮಲೆನಾಡಿನ ಕವಳೆಕಾಯಿಯನ್ನು ನೆನಪಿಗೆ ತರುತ್ತದೆ. ಆದರೆ ಎರಡರ ಸಸ್ಯಕುಲಗಳು ಬೇರೆ ಬೇರೆ. ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಪ್ ಕಾಡ್‌ನಲ್ಲಿ ಹೆನ್ರಿ ಹಾಲ್ ಎಂಬಾತ 1816ರಲ್ಲಿ ಒಂದು ಸಂಗತಿಯನ್ನು ಗಮನಿಸಿದ. ಗಾಳಿ ತಂದು ಹರಡಿದ ಮರಳಿನ ಅಡಿಯಲ್ಲಿದ್ದ ಬಳ್ಳಿಗಳು ಉಳಿದವಕ್ಕಿಂತ ಹುಲುಸಾಗಿ ಬೆಳೆದಿದ್ದವು. ಕಾಡುಹಣ್ಣು ಬೆಳೆಯಾದುದು ಆ ಸೂಕ್ಷ್ಮದೃಷ್ಟಿಯಿಂದ. ಇಂದು ಆ ದೇಶದ ಫಸಲಿನ ಅರ್ಧಕ್ಕಿಂತ ಹೆಚ್ಚು ಪಾಲು ವಿಸ್ಕಾನ್ಸಿನ್ ಸಂಸ್ಥಾನದ್ದು. ಈ ಹಣ್ಣನ್ನು ಅಡ್ಡಲಾಗಿ ಕತ್ತರಿಸಿದರೆ ಒಳಗೆ ಗಾಳಿ ತುಂಬಿದ ನಾಲ್ಕು ಗೂಡುಗಳು ಕಾಣುತ್ತವೆ. ಆದುದರಿಂದಲೇ ಅದು ನೀರಿನಲ್ಲಿ ತೇಲುತ್ತದೆ. ಬೆಳೆಗಾರರು ಗದ್ದೆಗೆ ನೀರು ನಿಲ್ಲಿಸಿ, ಬಳ್ಳಿಯಿಂದ ಹಣ್ಣನ್ನು ಬಿಡಿಸಿ, ತೇಲಿದುದನ್ನು ಒಟ್ಟುಗೂಡಿಸುತ್ತಾರೆ. ಚೆನ್ನಾಗಿರುವ ಹಣ್ಣು ನೆಲಕ್ಕೆ ಬಿದ್ದರೆ ಚೆಂಡಿನಂತೆ ಪುಟಿಯುತ್ತದೆ, ಕೆಟ್ಟದ್ದು ಬಿದ್ದಲ್ಲೇ ಬಿದ್ದಿರುತ್ತದೆ. ಹಣ್ಣನ್ನು ಆರಿಸುವ ಯಂತ್ರಗಳಿಗೂ ಈ ಪುಟಿತವೇ ಆಧಾರವಾಯಿತು.

ಇನ್ನು ನಮ್ಮ ಅನುಭವ. 2023ರ ನವೆಂಬರಿನಲ್ಲಿ ಡೆನ್ವರ್ ನಗರದಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆವು. ಹಬ್ಬದ ಬೆಳಗ್ಗೆ ಗೊಜ್ಜಿನ ಹೊಣೆಯನ್ನು ನಾವೇ ಕೇಳಿ ಪಡೆದೆವು. ಚೀಲದ ಮೇಲೆ ಅಚ್ಚಾಗಿದ್ದ ಕ್ರಮ ಸರಳವಾಗಿತ್ತು: ಹಣ್ಣು 340 ಗ್ರಾಂ, ಸಕ್ಕರೆ ಒಂದು ಬಟ್ಟಲು, ಎಂದರೆ ಸುಮಾರು 200 ಗ್ರಾಂ, ನೀರು ಒಂದು ಬಟ್ಟಲು, ಹತ್ತು ನಿಮಿಷ ಕುದಿಸಿ ಆರಲು ಬಿಡುವುದು. ಭಾವನವರಿಗೆ ಮಧುಮೇಹವಿದೆ. ಇಷ್ಟೊಂದು ಸಕ್ಕರೆ ಏಕೆಂದು ನಾವು ಅದನ್ನು ಕಾಲುಭಾಗಕ್ಕೆ ಇಳಿಸಿದೆವು. ಹಣ್ಣಿನ ಹುಳಿ ಕಣ್ಣು ಮುಚ್ಚಿಸುವಂತಿತ್ತು. ಆಮ್ಲಕ್ಕೆ ಕ್ಷಾರವೇ ಮದ್ದೆಂಬ ಪಾಠ ನೆನಪಾಗಿ, ಎರಡು ಚಿಕ್ಕ ಚಮಚ ಅಡಿಗೆ ಸೋಡಾ ಸುರಿದೆವು. ಪಾತ್ರೆಯಲ್ಲಿದ್ದುದು ನೊರೆಯುಕ್ಕಿತು, ಕೆಂಪು ಮಾಸಿ ನೇರಳೆಯಾಯಿತು, ನೇರಳೆ ಕಪ್ಪಿಟ್ಟಿತು. ಅರ್ಧ ಗಂಟೆ ಕಾದರೂ ಅದು ನೀರಾಗಿಯೇ ಉಳಿಯಿತು.

“ಏನೋ ಇದು, ನೇರಳೆಹಣ್ಣಿನ ಕಷಾಯ ಮಾಡಿಟ್ಟಿದ್ದೀಯಲ್ಲೋ!” ಎಂದು ಅಕ್ಕ ನಕ್ಕಳು. ಹುಳಿ ಹೋಯಿತೆಂದು ನಾವು ಬೀಗುತ್ತಿದ್ದರೆ, “ಹುಳಿ ಹೋದ ಮೇಲೆ ಉಳಿದದ್ದೇನು?” ಎಂದಳು. ಎರಡು ನಿಂಬೆಹಣ್ಣು ಹಿಂಡಿದಳು. ಉಳಿದಿದ್ದ ಇನ್ನೊಂದು ಚೀಲದ ಹಣ್ಣನ್ನೂ ಒಂದಿಷ್ಟು ಬೆಲ್ಲವನ್ನೂ ಹಾಕಿ ಮತ್ತೆ ಒಲೆಗೇರಿಸಿದಳು. ನಮ್ಮ ಕಣ್ಣೆದುರಿಗೇ ಕೆಂಪು ಮರಳಿ ಬಂದಿತು. ಸೋಡಾದ ರುಚಿಯನ್ನು ಮರೆಸಲು ಸಾಸಿವೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಬಿದ್ದಿತು. ಅಕ್ಕ ಕಾಲೇಜಿನಲ್ಲಿ ವಿಜ್ಞಾನ ಓದಿದವಳಲ್ಲ.

ಆಗಿದ್ದೇನು? ಹಣ್ಣಿನ ಕೋಶಭಿತ್ತಿಗಳಲ್ಲಿ ಪೆಕ್ಟಿನ್ ಎಂಬ ಪದಾರ್ಥವಿದೆ. ಅದರ ಅಣುಗಳು ಉದ್ದನೆಯ ಸರಪಣಿಗಳು. ಅವುಗಳ ಮೇಲೆ ಋಣವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಆಮ್ಲ ಈ ವಿದ್ಯುದಂಶವನ್ನು ಅಡಗಿಸುತ್ತದೆ. ಸಕ್ಕರೆಯಾದರೋ ಸರಪಣಿಗಳನ್ನು ಸುತ್ತುವರಿದಿರುವ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಆಗ ಸರಪಣಿಗಳು ಒಂದಕ್ಕೊಂದು ತೊಡರಿ ಬಲೆಯಾಗುತ್ತವೆ. ಉಳಿದ ನೀರು ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಗೊಜ್ಜು ಗಟ್ಟಿಯಾಗುವುದೆಂದರೆ ಇದೇ. ಕ್ರ್ಯಾನ್‌ಬೆರಿಯಲ್ಲಿ ಪೆಕ್ಟಿನ್ನೂ ಆಮ್ಲವೂ ಸಮೃದ್ಧವಾಗಿರುವುದರಿಂದ ಅದು ಬೇರೆ ಹಣ್ಣುಗಳಿಗಿಂತ ಸುಲಭವಾಗಿ ಬಿಗಿಯುತ್ತದೆ. ಒಲೆಗೆ ಮೂರು ಗುಂಡುಗಳಿದ್ದಂತೆ ಈ ಪಾಕಕ್ಕೆ ಪೆಕ್ಟಿನ್, ಆಮ್ಲ, ಸಕ್ಕರೆ ಎಂಬ ಮೂರು ಗುಂಡುಗಳು. ನಾವು ಎರಡನ್ನು ಒಟ್ಟಿಗೇ ಎಳೆದುಹಾಕಿದ್ದೆವು. ಬಣ್ಣದ ಕಥೆಯೂ ಇಂಥದೇ. ಹಣ್ಣಿನ ಆಂಥೊಸಯನಿನ್ ಎಂಬ ವರ್ಣದ್ರವ್ಯವು ಆಮ್ಲದಲ್ಲಿ ಕೆಂಪಾಗಿಯೂ ಆಮ್ಲ ತಗ್ಗಿದರೆ ನೇರಳೆಯಾಗಿಯೂ ಕಾಣುತ್ತದೆ. ಪ್ರಯೋಗಶಾಲೆಯ ಲಿಟ್ಮಸ್ ಕಾಗದ ಮಾಡುವ ಕೆಲಸವನ್ನೇ ಆ ಪಾತ್ರೆ ಮಾಡುತ್ತಿತ್ತು. ನೋಡುವ ಕಣ್ಣು ಮಾತ್ರ ನಮಗಿರಲಿಲ್ಲ.

ನಮ್ಮ ಎರಡನೆಯ ಸೋಲು ಇದಕ್ಕಿಂತ ಸ್ವಾರಸ್ಯವಾದುದು. ಹಣ್ಣಿನ ಪಾಕ ಜೆಲ್ಲಿಯ ಹದಕ್ಕೆ ಬರಲು ಸುಮಾರು 104.5 ಡಿಗ್ರಿ ಸೆಲ್ಸಿಯಸ್ ಆಗಬೇಕೆಂದು ಓದಿದ್ದ ನಾವು ಉಷ್ಣತಾಮಾಪಕವನ್ನು ಹಿಡಿದು ನಿಂತಿದ್ದೆವು. ಅಕ್ಕ ತಣ್ಣನೆಯ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು, ತಟ್ಟೆಯನ್ನು ಓರೆಮಾಡಿ ನೋಡಿ, ಉರಿಯನ್ನು ಆರಿಸಿದಳು. ಮಾಪಕ ಇನ್ನೂ ನೂರನ್ನು ಸಹ ಮುಟ್ಟಿರಲಿಲ್ಲ. ನಾವು ಆಕ್ಷೇಪಿಸಿದೆವು. ಅವಳೇ ಸರಿ ಎಂಬುದು ಊಟದ ಹೊತ್ತಿಗೆ ಸ್ಪಷ್ಟವಾಯಿತು.

ಕಾರಣವನ್ನು ನಾವು ವರ್ಷವರ್ಷವೂ ತರಗತಿಯಲ್ಲಿ ಬೋಧಿಸುತ್ತಲೇ ಇದ್ದೇವೆ! ಡೆನ್ವರ್ ನಗರ ಸಮುದ್ರಮಟ್ಟಕ್ಕಿಂತ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುಭಾರ ಕಡಿಮೆ. ನೀರು ಸುಮಾರು 95 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಸಕ್ಕರೆ ಕರಗಿದಷ್ಟೂ ಕುದಿಬಿಂದು ಮೇಲೇರುವುದಾದರೂ, ಏರುವುದು ಆಯಾ ಸ್ಥಳದ ನೀರಿನ ಕುದಿಬಿಂದುವಿನಿಂದ. ಜೆಲ್ಲಿಗೆ ಬೇಕಾದುದು 104.5 ಎಂಬ ಸಂಖ್ಯೆಯಲ್ಲ, ನಾಲ್ಕೂವರೆ ಡಿಗ್ರಿಯ ಅಂತರ. ಮಂಗಳೂರಿನಲ್ಲಿ ಅದು 104.5, ನೀರು 97 ಡಿಗ್ರಿಯಲ್ಲಿ ಕುದಿಯುವ ಬೆಂಗಳೂರಿನಲ್ಲಿ 101.5, ಡೆನ್ವರಿನಲ್ಲಿ ನೂರರ ಒಳಗೇ. ಗೊಜ್ಜಿಗಂತೂ ಜೆಲ್ಲಿಯಷ್ಟು ಬಿಗಿ ಬೇಡವಾದ್ದರಿಂದ ಅಂತರ ಇನ್ನೂ ಚಿಕ್ಕದು. ನಾವು ಕಾದಿದ್ದರೆ ಮಿಠಾಯಿಯನ್ನು ಕಡಿಯಬೇಕಾಗುತ್ತಿತ್ತು. ತಟ್ಟೆಯ ಮೇಲಿನ ತೊಟ್ಟಿಗೆ ಎತ್ತರದ ಲೆಕ್ಕ ಬೇಕಿಲ್ಲ. ನಮ್ಮ ಅಜ್ಜಿಯರ ಒಂದೆಳೆ ಪಾಕ, ಎರಡೆಳೆ ಪಾಕಗಳೂ ಇಂಥ ಮಾಪನಗಳೇ. ಅವು ಮಡಿಕೇರಿಯಲ್ಲಿಯೂ ಕಾರವಾರದಲ್ಲಿಯೂ ಒಂದೇ ಹದವನ್ನು ತೋರಿಸುತ್ತವೆ.

ಅಮೆರಿಕದವರ ಸಂಪ್ರದಾಯದ ತಿನಿಸಿಗೆ ಸಾಸಿವೆಯ ಒಗ್ಗರಣೆ ಹಾಕುವುದು ಅಪಚಾರವಲ್ಲವೆ ಎಂದು ಕೆಲವರು ಕೇಳಬಹುದು. ಆ ಸಂಪ್ರದಾಯವೇ ಬದಲಾಗುತ್ತ ಬಂದುದು. ಹಬ್ಬದ ಮೂಲವೆಂದು ಹೇಳುವ 1621ರ ಪ್ಲಿಮತ್ ಔತಣದಲ್ಲಿ ಈ ಗೊಜ್ಜು ಇದ್ದಿರಲಾರದು. ಅಲ್ಲಿ ಸಕ್ಕರೆ ದುರ್ಲಭವಾಗಿತ್ತು. 1796ರಲ್ಲಿ ಅಮೀಲಿಯಾ ಸಿಮನ್ಸ್ ಪ್ರಕಟಿಸಿದ ಪಾಕಪುಸ್ತಕದಲ್ಲಿ ಟರ್ಕಿಯೊಡನೆ ಅದನ್ನು ಬಡಿಸುವ ಮಾತು ಬರುತ್ತದೆ. 1912ರಲ್ಲಿ ಮಾರ್ಕಸ್ ಯೂರನ್ ಅದನ್ನು ಡಬ್ಬಿಗೆ ತುಂಬಿಸಿದ. ಡಬ್ಬಿಯ ಆಕಾರದಲ್ಲಿಯೇ ಜಾರಿ ಬೀಳುವ ಜೆಲ್ಲಿ 1941ರಿಂದ ದೇಶದಲ್ಲೆಲ್ಲ ದೊರೆಯತೊಡಗಿತು. ಡಬ್ಬಿಯ ಗೊಜ್ಜನ್ನು ನಾವು ಹಳಿಯುವುದಿಲ್ಲ. ಅದರಲ್ಲಿರುವುದೂ ಅದೇ ಮೂರು ಗುಂಡುಗಳು. ಆದರೆ ಅದನ್ನು ತೆರೆಯುವವನಿಗೆ ಕಲಿಯಲು ಏನೂ ಉಳಿದಿರುವುದಿಲ್ಲ.

ಹಾಗಾದರೆ ಸ್ವಾತಂತ್ರ್ಯವೆಷ್ಟು? ಬೇಕಾದಷ್ಟಿದೆ. ನೀರಿಗೆ ಬದಲಾಗಿ ಕಿತ್ತಳೆಯ ರಸ ಹಾಕಬಹುದು. ಅದು ಆಮ್ಲವನ್ನೂ ಸಿಹಿಯನ್ನೂ ತಾನೇ ತರುತ್ತದೆ. ಶುಂಠಿ, ಏಲಕ್ಕಿ, ಮೆಣಸು, ಒಗ್ಗರಣೆ ಇವುಗಳಿಂದ ಪಾಕಕ್ಕೆ ಬಾಧಕವಿಲ್ಲ. ಬೆಲ್ಲ ಹಾಕಿದರೆ ಬಣ್ಣ ಕಂದುವುದಷ್ಟೆ. ಸಕ್ಕರೆಯನ್ನು ತಗ್ಗಿಸುವವರು ನೀರನ್ನೂ ತಗ್ಗಿಸಲಿ. ಲೆಕ್ಕಕ್ಕೆ ಬರುವುದು ಇವೆರಡರ ಪ್ರಮಾಣ. ಅತಿಯಾಗಿ ಕುದಿಸಿದರೆ ಪೆಕ್ಟಿನ್ನಿನ ಸರಪಣಿಗಳು ತುಂಡಾಗುತ್ತವೆ. ಆರಿದ ಮೇಲೆ ಗೊಜ್ಜು ತಾನೇ ಬಿಗಿಯುವುದರಿಂದ, ಹಣ್ಣುಗಳು ಪಟಪಟನೆ ಒಡೆದು ರಸ ಸ್ವಲ್ಪ ಮಂದವಾದಾಗಲೇ ಇಳಿಸಬೇಕು. ಇನ್ನು ಭಾವನವರ ಮಾತು. ಸಿಹಿ ಸಾಸನ್ನು ಬಟ್ಟಲುಗಟ್ಟಲೆ ತಿನ್ನಬಹುದು. ಖಾರದ ಗೊಜ್ಜನ್ನು ನಂಜಿಕೊಳ್ಳಲು ಒಂದು ಚಮಚ ಸಾಕು. ಸೋಡಾದಿಂದ ನಾವು ಸಾಧಿಸಲಾರದುದನ್ನು ಅಕ್ಕನ ಒಗ್ಗರಣೆ ಬೇರೆ ದಾರಿಯಿಂದ ಸಾಧಿಸಿತು.

ಕುದಿಬಿಂದುವಿನ ಏರಿಕೆಯ ಸೂತ್ರವನ್ನು ಬರೆದು ಪೂರ್ಣಾಂಕ ಪಡೆಯುವ ವಿದ್ಯಾರ್ಥಿಗಳು ನಮ್ಮಲ್ಲಿ ಬಹುಮಂದಿ ಇದ್ದಾರೆ. ಅದೇ ನಿಯಮ ಮನೆಯ ಪಾತ್ರೆಯಲ್ಲಿ ಕುದಿಯುತ್ತಿರುವಾಗ ಅವರು ಅದನ್ನು ಗುರುತಿಸಲಾರರು. ಈ ದೋಷ ಅವರದಲ್ಲ, ಬೋಧಿಸುವ ನಮ್ಮದು. ಇನ್ನೊಂದೆಡೆ, ಪಾಕದ ಹದವನ್ನು ಬೆರಳ ತುದಿಯಲ್ಲಿ ಅಳೆಯಬಲ್ಲ ಗೃಹಿಣಿ ತನಗೆ ವಿಜ್ಞಾನ ತಿಳಿಯದೆಂದೇ ನಂಬಿದ್ದಾಳೆ. ಅವಳು ಹಾಗೆ ನಂಬುವಂತೆ ಮಾಡಿದವರೂ ನಾವೇ. ಅವಳ ಪರೀಕ್ಷೆಗೆ ನಮ್ಮ ಸೂತ್ರ ಕಾರಣವನ್ನು ಒದಗಿಸಬಲ್ಲುದು. ನಮ್ಮ ಸೂತ್ರಕ್ಕೆ ಅವಳ ಪರೀಕ್ಷೆ ಅರ್ಥವನ್ನು ಒದಗಿಸಬಲ್ಲುದು. ಇವೆರಡೂ ಒಂದೇ ಒಲೆಯ ಮುಂದೆ ಕೂಡಬೇಕೆಂಬುದು ನಮ್ಮ ಅಭಿಪ್ರಾಯ. ಈಗ ಕುದಿಬಿಂದುವಿನ ಪಾಠ ಬಂದಾಗ ನಾವು ತರಗತಿಗೆ ಒಂದು ಒಲೆ, ಒಂದು ಪಾತ್ರೆ, ಒಂದು ತಣ್ಣನೆಯ ತಟ್ಟೆಯನ್ನು ಒಯ್ಯುತ್ತೇವೆ. ಸೋಡಾವನ್ನು ಮಾತ್ರ ಮನೆಯಲ್ಲಿಯೇ ಬಿಟ್ಟುಹೋಗುತ್ತೇವೆ.