ಲಕ್ಕಿಯ ಸೊಪ್ಪು ಬೇರೆ, ಸಾರತೈಲ ಬೇರೆ

ಹಳ್ಳದ ದಂಡೆಯಲ್ಲಿ, ಹೊಲದ ಬೇಲಿಯಲ್ಲಿ ಬೆಳೆಯುವ ಲಕ್ಕಿಗಿಡವನ್ನು ಅರಿಯದ ಹಳ್ಳಿಗರು ವಿರಳ. ಸಂಸ್ಕೃತದಲ್ಲಿ ನಿರ್ಗುಂಡಿ, ಸಸ್ಯಶಾಸ್ತ್ರದಲ್ಲಿ ವೈಟೆಕ್ಸ್ ನೆಗುಂಡೊ ಎನಿಸಿಕೊಂಡ ಈ ಪೊದೆಗೆ ಬೆರಳುಗಳಂತೆ ಹರಡಿದ ಎಲೆಗಳು, ತಿಳಿನೇರಳೆ ಹೂಗೊಂಚಲುಗಳು. ಬಾಣಂತಿಯ ಸ್ನಾನಕ್ಕೆ, ನೆಗಡಿಯಾದಾಗ ಹಬೆಗೆ, ಧಾನ್ಯದ ಹುಳು ತಡೆಯಲು ಹಿರಿಯರು ಇದರ ಸೊಪ್ಪನ್ನು ಬಳಸುತ್ತ ಬಂದಿದ್ದಾರೆ. ಈಗ ಇದೇ ಗಿಡದ ಸಾರತೈಲ ಸಣ್ಣ ಸೀಸೆಗಳಲ್ಲಿ ದೊರೆಯುತ್ತಿದೆ. ಗಿಡಮೂಲಿಕೆಯೆಂಬ ಒಂದೇ ನಂಬಿಕೆಯಿಂದ ಅದನ್ನು ಸೊಪ್ಪಿನಂತೆಯೇ ಬಳಸುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಎಲೆಯನ್ನು ಹಿಸುಕಿದಾಗ ಹೊಮ್ಮುವ ಘಾಟು ಒಂದೇ ವಸ್ತುವಿನದಲ್ಲ. ಸಬಿನೀನ್, ಸಿನಿಯೋಲ್ ಮೊದಲಾದವು 10 ಇಂಗಾಲದ ಪರಮಾಣುಗಳುಳ್ಳ ಹಗುರ ವಸ್ತುಗಳು, ಬೇಗನೆ ಆವಿಯಾಗುತ್ತವೆ. ಕ್ಯಾರಿಯೋಫಿಲೀನ್, ವಿರಿಡಿಫ್ಲೋರಾಲ್‌ಗಳಲ್ಲಿ ಅಂತಹ 15 ಪರಮಾಣುಗಳಿರುವುದರಿಂದ ಅವು ನಿಧಾನವಾಗಿ ಆವಿಯಾಗುತ್ತವೆ. ಇವುಗಳ ಪ್ರಮಾಣ ಎಲ್ಲೆಡೆಯೂ ಒಂದೇ ಅಲ್ಲ. ಗಿಡ ಬೆಳೆದ ನೆಲ, ಋತು, ಭಟ್ಟಿಗೆ ಹಾಕಿದ್ದು ಎಲೆಯೋ ಹೂವೋ ಬೀಜವೋ ಎಂಬುದರ ಮೇಲೆ ತೈಲದ ಘಟಕಗಳು ಬದಲಾಗುತ್ತವೆ. ಆದ್ದರಿಂದ ಸೀಸೆಯ ಮೇಲೆ ‘ಲಕ್ಕಿ ತೈಲ’ ಎಂದು ಬರೆದ ಮಾತ್ರಕ್ಕೆ ಒಳಗೇನಿದೆಯೆಂದು ತಿಳಿದಂತಾಗದು.

ಇನ್ನು ಅಳತೆಯ ಮಾತು. ಒಂದು ಕಿಲೋ ಹಸಿಸೊಪ್ಪನ್ನು ಭಟ್ಟಿ ಇಳಿಸಿದರೆ ದೊರೆಯುವ ತೈಲ ಕೆಲವೇ ಮಿಲಿಲೀಟರ್. ಹಬೆಯ ಪಾತ್ರೆಗೆ ಹಾಕುವ ಒಂದು ಹಿಡಿ ಸೊಪ್ಪಿಗೂ ಒಂದು ಚಮಚ ಸಾರತೈಲಕ್ಕೂ ಹೋಲಿಕೆಯೇ ಇಲ್ಲ. ಆಯುರ್ವೇದದ ನಿರ್ಗುಂಡಿ ತೈಲವೂ ಬೇರೆಯೇ. ಅದು ಎಳ್ಳೆಣ್ಣೆಯಲ್ಲಿ ಸೊಪ್ಪಿನ ರಸ ಬೆರೆಸಿ ಕಾಯಿಸಿದ್ದು. ಹೆಸರು ಒಂದೆಂದು ಒಂದರ ಬದಲು ಇನ್ನೊಂದನ್ನು ಬಳಸಿದರೆ ಅಪಾಯ.

ಸಿನಿಯೋಲ್ ನೀಲಗಿರಿ ತೈಲದ ಮುಖ್ಯ ಘಟಕವೂ ಹೌದು. ನೀಲಗಿರಿ ತೈಲ ನುಂಗಿದ ಮಕ್ಕಳಿಗೆ ಸೆಳವು ಬಂದದ್ದುಂಟು. ಆದಕಾರಣ ಸಾರತೈಲವನ್ನು ಕುಡಿಯಬಾರದು. ಹಸುಗೂಸಿನ ಮೂಗಿಗೆ, ಮುಖಕ್ಕೆ ಸೋಕಿಸಬಾರದು. ಬೆರಕೆಯಿಲ್ಲದೆ ಚರ್ಮಕ್ಕೆ ಹಚ್ಚಬಾರದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು. ಮಗು ಅಕಸ್ಮಾತ್ ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಸೀಸೆಯೊಡನೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ತಯಾರಕರೂ ಗಿಡದ ಶಾಸ್ತ್ರೀಯ ಹೆಸರು, ಬಳಸಿದ ಭಾಗ, ಮುಖ್ಯ ಘಟಕಗಳ ಪ್ರಮಾಣ ಇವನ್ನು ಸೀಸೆಯ ಮೇಲೆ ಮುದ್ರಿಸಲಿ. ಕೊಳ್ಳುವವರು ಅದನ್ನು ಕೇಳಿ ಪಡೆಯಲಿ. ಹಿರಿಯರು ಬಿಟ್ಟುಹೋದದ್ದು ಸೊಪ್ಪಿನ ಬಳಕೆಯನ್ನಷ್ಟೇ ಅಲ್ಲ, ಅದರ ಮಿತಿಯನ್ನೂ ಹೌದು. ಸದ್ಭಕ್ತರು ಎರಡನ್ನೂ ಉಳಿಸಿಕೊಳ್ಳಬೇಕು.