ಸಂಪಾದಕರ ಮಾತು: ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ

ಓದುಗರೊಬ್ಬರು ಹೊಸ ಅಂಕಣವೊಂದನ್ನು ಸುರು ಮಾಡಿ ಎಂದು ಸೂಚಿಸಿದ್ದಾರೆ. ಹೆಸರನ್ನೂ ಅವರೇ ಇಟ್ಟಿದ್ದಾರೆ: ‘ಕನ್ನಡದ ಕೊಲೆ’. ಊರಿನ ವಾಟ್ಸಾಪ್ ಗುಂಪುಗಳಲ್ಲಿ ಬರುವ ಕಾಗುಣಿತ ತಪ್ಪಿದ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದು ತಿಂಗಳಿಗೊಂದು ಪುಟ ಹಾಕಬೇಕು, ಜನ ನಕ್ಕು ನಕ್ಕು ಓದುತ್ತಾರೆ, ಪ್ರಸಾರವೂ ಹೆಚ್ಚೀತು ಎಂಬುದು ಅವರ ಲೆಕ್ಕ. ಮಾದರಿಗೆಂದು ಒಂದಷ್ಟು ಕಳಿಸಿಯೂ ಇದ್ದಾರೆ. ಜನ ಓದುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅಂಕಣ ಮಾತ್ರ ಬರುವುದಿಲ್ಲ. ಯಾಕೆಂದು ಅವರಿಗೊಬ್ಬರಿಗೇ ಬರೆಯಬಹುದಿತ್ತು. ಆದರೆ ಇದೇ ಮನಸ್ಸಿನವರು ನಮ್ಮ ಓದುಗರಲ್ಲಿ ಇನ್ನೂ ಬಹಳ ಮಂದಿ ಇರುವುದರಿಂದ ಇಲ್ಲಿಯೇ ಬರೆಯುತ್ತೇನೆ.

ಅವರು ಕಳಿಸಿದ್ದರಲ್ಲಿ ಒಂದನ್ನು ನೋಡೋಣ. ‘ನಾಳೆ ಬೆಳಿಗೆ 7 ಗಂಟೆಗೆ ಸ್ರಮದಾನ ಇದೆ. ಎಲರೂ ಕತಿ ಹಾರೆ ತನಿ.’ ಅದರ ಕೆಳಗೆ ಒಬ್ಬರ ಉತ್ತರ: ‘ಕತಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಮಾರಾಯ್ರೆ?’ ಮತ್ತೆ ನಗುವ ಮುಖಗಳ ಸಾಲು. ಏಳು ಗಂಟೆಗೆ ಎಷ್ಟು ಜನ ಸೇರಿದರೆಂಬುದು ಸ್ಕ್ರೀನ್‌ಶಾಟಿನಲ್ಲಿಲ್ಲ.

ತಪ್ಪು ಐದಿವೆ. ನಾಲ್ಕು ಒಂದೇ ಜಾತಿಯವು, ಒತ್ತಕ್ಷರ ಬಿಟ್ಟುಹೋಗಿದೆ. ಫೋನಿನ ಕೀಲಿಮಣೆಯಲ್ಲಿ ‘ಎಲ್ಲ’ ಎಂದು ಮೂಡಿಸಬೇಕಾದರೆ ಎ, ಲ, ಅರ್ಧಾಕ್ಷರದ ಗುರುತು, ಮತ್ತೆ ಲ, ಹೀಗೆ ನಾಲ್ಕು ಸಲ ಒತ್ತಬೇಕು. ನಡುವಿನ ಗುರುತು ತಪ್ಪಿದರೆ ‘ಎಲಲ’ ಆಗುತ್ತದೆ. ಇದೇನೋ ಹೆಚ್ಚಾಯಿತೆಂದು ಒಂದು ಲ ಅಳಿಸಿದರೆ ‘ಎಲ’. ಅಡಿಕೆ ಸುಲಿದು ದಪ್ಪಗಟ್ಟಿದ ಹೆಬ್ಬೆರಳಿಗೆ ಆ ಸಣ್ಣ ಗುರುತು ಸಿಕ್ಕಿದರೆ ಸಿಕ್ಕಿತು. ಇದನ್ನು ಅಜ್ಞಾನ ಎನ್ನುವವರು ಒಮ್ಮೆ ಮೈಲುತುತ್ತು ಮೆತ್ತಿದ ಕೈಯಲ್ಲಿ ಫೋನು ಹಿಡಿದು ನೋಡಬೇಕು. ಐದನೆಯ ತಪ್ಪು, ‘ಸ್ರಮ’, ಬೆರಳಿನದ್ದಲ್ಲ, ನಾಲಿಗೆಯದ್ದು. ಅದರ ಕತೆ ಸ್ವಲ್ಪ ದೊಡ್ಡದು.

ನಮ್ಮ ಪುತ್ತೂರು ಕಡೆಯ ಬೆಟ್ಟಂಪಾಡಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತರೆ ಮೊದಲು ಕಿವಿಗೆ ಬೀಳುವುದು ತುಳು. ಮತ್ತೆ ಬ್ಯಾರಿ, ಹವ್ಯಕರ ಕನ್ನಡ, ಮರಾಟಿ, ಕೊಂಕಣಿ. ಕೇರಳ ಗಡಿಯ ಪಾಣಾಜೆ ಕಡೆಯಿಂದ ಬಂದವರಿದ್ದರೆ ಮಲಯಾಳವೂ ಉಂಟು. ಪಠ್ಯಪುಸ್ತಕದ ಕನ್ನಡ ಯಾರ ಮನೆಯದ್ದೂ ಅಲ್ಲ. ಬ್ಯಾರಿಯಲ್ಲಿ ಣ-ನ, ಳ-ಲ ಎಂಬ ವ್ಯತ್ಯಾಸವೇ ಇಲ್ಲ; ಅಲ್ಲಿ ಕಣ್ಣು ‘ಕನ್ನ್’. ಆ ಮನೆಯ ಹುಡುಗ ‘ಮಲೆ ಬಂತು’ ಎಂದು ಬರೆದರೆ ಅವನ ಕಿವಿ ಸರಿಯಾಗಿಯೇ ಕೆಲಸ ಮಾಡಿದೆ. ಗಡಿಯಾಚೆ ಮಲಯಾಳ ಮಾಧ್ಯಮದಲ್ಲಿ ಓದಿ, ಮದುವೆಯಾಗಿ ಈಚೆ ಬಂದ ಹೆಂಗಸರಲ್ಲಿ ಕನ್ನಡ ಅಕ್ಷರಗಳನ್ನು ಮಕ್ಕಳ ಪುಸ್ತಕ ನೋಡಿ ಕಲಿತವರಿದ್ದಾರೆ. ಅಂಥವರು ಅಂಗನವಾಡಿಯ ಗುಂಪಿನಲ್ಲಿ ಎರಡು ಸಾಲು ಕನ್ನಡದಲ್ಲಿ ಹಾಕಿದರೆ ಅದಕ್ಕೆ ಮಾರ್ಕು ಕೊಡಲು ನಾವು ಯಾರು?

ಕರಾವಳಿಯ ನಮಗೆ ಇನ್ನೊಂದು ಕಾಯಿಲೆಯೂ ಇದೆ. ನಮ್ಮದು ಶುದ್ಧ ಕನ್ನಡ ಎಂಬ ಜಂಬ. ಬೆಂಗಳೂರಿಗೆ ಹೋದ ನಮ್ಮ ಹುಡುಗರು, ಅಲ್ಲಿಯವರು ಹಾಲಿಗೆ ‘ಆಲು’ ಅನ್ನುತ್ತಾರೆಂದು ಊರಿಗೆ ಬಂದು ನಗಾಡುತ್ತಾರೆ. ಅಲ್ಲಿಯವರು ನಮ್ಮ ‘ಎಂತ ಮಾರಾಯ’ವನ್ನು ಆಡಿಕೊಂಡು ಆ ಸಾಲ ತೀರಿಸುತ್ತಾರೆ. ನಮ್ಮ ಶುದ್ಧಿಯ ಗುಟ್ಟೇನೂ ದೊಡ್ಡದಲ್ಲ. ಹೆಚ್ಚಿನವರಿಗೆ ಮನೆಮಾತು ಬೇರೆ. ಕನ್ನಡ ಬಂದದ್ದು ಶಾಲೆಯಲ್ಲಿ, ಪುಸ್ತಕದಿಂದ, ಉಕ್ತಲೇಖನದ ಕೆಂಪು ಶಾಯಿಯ ಜೊತೆಗೆ. ಹತ್ತರಲ್ಲಿ ಎರಡು ಬಂದವನನ್ನು ಬೆಂಚಿನ ಮೇಲೆ ನಿಲ್ಲಿಸಿದ ಕನ್ನಡ ಅದು. ಅಂದು ನಿಂತವರು ಈಗಲೂ ಬರೆಯಲು ಹೆದರುತ್ತಾರೆ, ಕೂತಿದ್ದವರು ಕೆಂಪು ಪೆನ್ನು ಇನ್ನೂ ಕೆಳಗಿಟ್ಟಿಲ್ಲ.

ತಪ್ಪು ಎಣಿಸುವ ಈ ಚಟಕ್ಕೆ ಹಳಬರೇ ಉತ್ತರ ಕೊಟ್ಟಿದ್ದಾರೆ. ಕನ್ನಡದಲ್ಲಿ ನಮಗೆ ಸಿಕ್ಕ ಮೊದಲ ಗ್ರಂಥ ಕವಿರಾಜಮಾರ್ಗ, ಕಾಲ ಸುಮಾರು 850. ಕಾವ್ಯದೋಷಗಳನ್ನು ಎಣಿಸಿ ಹೇಳುವ ಗ್ರಂಥವೇ ಅದು, ಸಡಿಲು ಬಿಡುವ ಜಾಯಮಾನ ಅದರ ಕರ್ತೃವಿನದ್ದಲ್ಲ. ಅಂಥವನೂ ಒಂದು ಕಡೆ ಕೈಚೆಲ್ಲುತ್ತಾನೆ. ಊರೂರಿಗೆ ದೇಸಿ ಬೇರೆಬೇರೆಯಾದ್ದರಿಂದ ಈ ಕನ್ನಡಗಳಲ್ಲಿ ತಪ್ಪು ಇಷ್ಟೇ ಎಂದು ತೀರ್ಮಾನಿಸಲು ಹೊರಟರೆ ವಾಸುಕಿಗೂ ಬೇಸರ ಬಂದೀತು ಎಂಬುದು ಅವನ ಮಾತಿನ ತಾತ್ಪರ್ಯ. ಕನ್ನಡವೆನ್ನದೆ ಕನ್ನಡಗಳು ಎಂದಿದ್ದಾನೆ ಎಂಬುದನ್ನೂ ಗಮನಿಸಬೇಕು.

ಓಲೆಗರಿಯ ಕಾಲದಲ್ಲಿ ಎ-ಏ, ಒ-ಓ ಭೇದವನ್ನು ಬರೆದು ತೋರಿಸುವ ಕ್ರಮ ಸಾಮಾನ್ಯವಾಗಿ ಇರಲಿಲ್ಲ. ಓದುವವನೇ ಸಂದರ್ಭ ನೋಡಿ ತಿಳಿಯಬೇಕಿತ್ತು. ಪ್ರತಿ ಮಾಡಿದವನು ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕೆಂದು ಬೇಡಿಕೊಂಡು ಗರಿ ಕಟ್ಟುತ್ತಿದ್ದ. ಎಲ್ಲರೂ ಒಂದೇ ಥರ ಬರೆಯಬೇಕೆಂಬ ಹಠ ಬಲವಾದದ್ದು ಅಚ್ಚುಮೊಳೆ ಮತ್ತು ಶಾಲೆ ಬಂದ ಮೇಲೆ. ಅದು ಮೊಳೆತ ಜಾಗವೂ ನಮಗೆ ದೂರವಲ್ಲ. ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ್ದು 1843ರಲ್ಲಿ. ಕೇಶಿರಾಜನ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣವನ್ನು ಕಿಟೆಲ್ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರತಂದದ್ದು 1872ರಲ್ಲಿ. ಆ ಹಠ ತಟ್ಟದ ಬರಹ ಬೇಕೆಂದರೆ ಅಟ್ಟದಲ್ಲಿರುವ ಹಳೆಯ ಗೇಣಿಚೀಟುಗಳನ್ನು ಬಿಡಿಸಿ ನೋಡಿ: ‘ಯೀ ದಿವಸ’, ‘ವೊಪ್ಪಿ ಬರಸಿ ಕೊಟ್ಟ’. ಅದನ್ನು ಕಂಡು ಯಾರೂ ನಗುವುದಿಲ್ಲ, ಹಳೆಯ ಬರವಣಿಗೆ ಎಂದು ಗೌರವದಿಂದ ಮಡಚಿಡುತ್ತೇವೆ. ಶ್ಯಾನುಭಾಗರು ಬರೆದದ್ದು ಬರವಣಿಗೆಯ ಕ್ರಮ, ಗೇಣಿದಾರನ ಮೊಮ್ಮಗ ಬರೆದದ್ದು ಕನ್ನಡದ ಕೊಲೆ. (ಶ್ಯಾನುಭಾಗರೋ ಶಾನುಭೋಗರೋ ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ, ಅದು ಬೇರೆ ಮಾತು.)

ಈ ಅನ್ಯಾಯವನ್ನು ತೀರಾ ಗಂಭೀರವಾಗಿ ತೆಗೆದುಕೊಂಡವರು ಡಿ.ಎನ್. ಶಂಕರ ಭಟ್ಟರು. 1967ರಲ್ಲಿ ತುಳುವಿನ ಮೇಲೆ, 1971ರಲ್ಲಿ ಕೊರಗರ ಭಾಷೆಯ ಮೇಲೆ ಪುಸ್ತಕ ಪ್ರಕಟಿಸಿದ ಭಾಷಾವಿಜ್ಞಾನಿ. ಕನ್ನಡಿಗರು ಸಹಜವಾಗಿ ಉಚ್ಚರಿಸದ ಮಹಾಪ್ರಾಣಗಳನ್ನು ಅವರಿಂದ ಬರೆಸುವುದೆಂದರೆ ಬಹುಜನರನ್ನು ಓದುಬರಹದಿಂದ ಹೊರಗಿಟ್ಟಂತೆ ಎಂದು ವಾದಿಸಿ, ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂಬ ಪುಸ್ತಕವನ್ನೇ ಬರೆದರು. ತಮ್ಮ ಹೆಸರನ್ನೂ ‘ಬಟ್’ ಎಂದು ಅಚ್ಚು ಹಾಕಿಸಿದರು. ಮಹಾಪ್ರಾಣ ಬಿಟ್ಟ ಅವರ ‘ಹೊಸಬರಹ’ ನನಗೆ ಇನ್ನೂ ರುಚಿಸಿಲ್ಲ, ಈ ಪತ್ರಿಕೆ ‘ಭ’ವನ್ನು ಬಿಡುವುದೂ ಇಲ್ಲ. ಆದರೆ ತಪ್ಪು ಬರೆಯುವವನ ಪರವಾಗಿ ಇಷ್ಟು ದೂರ ವಾದಿಸಿದ ವಿದ್ವಾಂಸರು ನಮ್ಮಲ್ಲಿದ್ದಾರೆಂಬುದನ್ನು ಸ್ಕ್ರೀನ್‌ಶಾಟ್ ತೆಗೆಯುವವರು ತಿಳಿದಿರಬೇಕು.

ಇನ್ನು ನಗೆಯ ಪರಿಣಾಮ. ನಕ್ಕರೆ ತಿದ್ದಿಕೊಳ್ಳುತ್ತಾರೆ ಎಂಬುದು ಅಂಕಣದ ಪರ ಇರುವ ವಾದ. ಗುಂಪುಗಳಲ್ಲಿ ನಾನು ಕಂಡದ್ದು ಬೇರೆ. ನಗೆಗೆ ಈಡಾದವರಲ್ಲಿ ಕೆಲವರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಹಾಕಲು ಸುರು ಮಾಡುತ್ತಾರೆ. ಅಲ್ಲಿ ಅಲ್ಪಪ್ರಾಣವಿಲ್ಲ, ಮಹಾಪ್ರಾಣವಿಲ್ಲ, ಒತ್ತು ಬಿಟ್ಟಿತೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ‘ಕೊಲೆ’ ಎಂದವರನ್ನು ನಾನು ಕಂಡಿಲ್ಲ. ಅಂದರೆ ಕನ್ನಡ ಲಿಪಿಯಲ್ಲಿ ಬರೆಯಲು ಕಷ್ಟಪಟ್ಟವನಿಗೆ ದಂಡ, ಲಿಪಿಯನ್ನೇ ಬಿಟ್ಟವನಿಗೆ ಮಾಫಿ! ಇನ್ನು ಕೆಲವರು ಧ್ವನಿ ಕಳಿಸುತ್ತಾರೆ. ಮಾತಿಗೆ ಅದು ಒಳ್ಳೆಯದೇ. ಆದರೆ ಹೋದ ವರ್ಷ ಕೊಳೆರೋಗಕ್ಕೆ ಎಷ್ಟನೇ ಸಲದ ಸಿಂಪಡಣೆ ಯಾವಾಗ ಆಯಿತು, ಎಲೆಚುಕ್ಕಿ ಮೊದಲು ಕಂಡದ್ದು ಯಾರ ತೋಟದಲ್ಲಿ ಎಂದು ಹುಡುಕಬೇಕಾದರೆ ಬರೆದದ್ದು ಸಿಗುತ್ತದೆ, ಹೇಳಿದ್ದು ಸಿಗುವುದಿಲ್ಲ. ಉಳಿದವರು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಾರೆ. ಹೆಬ್ಬೆಟ್ಟಿನಿಂದ ಅಕ್ಷರಕ್ಕೆ ಬರಲು ಎರಡು ತಲೆಮಾರು ಹಿಡಿದ ಮನೆಗಳಿವು.

ಬೇರೆ ದಾರಿ ಇದೆಯೇ ಎಂದರೆ ಪುತ್ತೂರಿನಲ್ಲೇ ಇದೆ. 1988ರಲ್ಲಿ ಸುರುವಾದ ‘ಅಡಿಕೆ ಪತ್ರಿಕೆ’ ತನ್ನ ನೀತಿಯೆಂದು ಸಾರಿದ್ದೇ ಕೃಷಿಕರ ಕೈಗೆ ಲೇಖನಿ ಎಂದು. ಕೃಷಿಯ ಬಗ್ಗೆ ಬರೆಯುವುದು ಅಧಿಕಾರಿಗಳ, ವಿಜ್ಞಾನಿಗಳ ಕೆಲಸ ಎಂದಿದ್ದ ಕಾಲದಲ್ಲಿ ಆ ಪತ್ರಿಕೆಯ ಶ್ರೀ ಪಡ್ರೆಯವರೂ ಗೆಳೆಯರೂ ತೋಟದವನಿಗೇ ಬರೆಯಿರಿ ಎಂದರು, ಬರೆಯುವುದು ಹೇಗೆಂದು ಶಿಬಿರ ಮಾಡಿ ಹೇಳಿಕೊಟ್ಟರು. ಬಂದ ಬರಹದ ಮೊದಲ ಸಾಲಿನ ಕಾಗುಣಿತ ಕಂಡೇ ಮೂಗು ಮುರಿಯುವವರು ಅಂಥ ಪತ್ರಿಕೆಯನ್ನು ಒಂದು ವರ್ಷವೂ ನಡೆಸಲಾರರು. ಒತ್ತಕ್ಷರವನ್ನು ಸಂಪಾದಕರ ಮೇಜಿನ ಮೇಲೆ ಯಾರಾದರೂ ಹಾಕಬಹುದು. ಇಂತಿಂಥ ಬಳ್ಳಿಗೆ ಇಂತಿಂಥ ಹುಳ ಬಂದಾಗ ಹೀಗೆ ಮಾಡಿದೆ ಎಂಬ ವಿಷಯವನ್ನು ಮೇಜಿನ ಮೇಲೆ ತಯಾರಿಸಲಾಗುವುದಿಲ್ಲ.

ಎಲ್ಲ ತಪ್ಪಿಗೂ ಮಾಫಿ ಎಂದು ನಾನು ಹೇಳುತ್ತಿಲ್ಲ. ಸಂಬಳ ಪಡೆದು ಬರೆಯುವವರಿಗೆ ರಿಯಾಯಿತಿ ಇಲ್ಲ. ಹೆದ್ದಾರಿಯ ಫಲಕದಲ್ಲಿ ಊರಿನ ಹೆಸರು ಕೆಟ್ಟರೆ, ಪಠ್ಯಪುಸ್ತಕದಲ್ಲಿ ತಪ್ಪು ಅಚ್ಚಾದರೆ, ಪಹಣಿಯಲ್ಲಿ ಅಜ್ಜನ ಹೆಸರಿನ ಒಂದು ಅಕ್ಷರ ಜಾರಿ ಮೊಮ್ಮಕ್ಕಳು ತಾಲೂಕು ಕಚೇರಿಗೆ ಅಲೆಯುವಂತಾದರೆ ಎಷ್ಟು ಬೇಕಾದರೂ ಜಗಳ ಮಾಡಿ, ನಮ್ಮಲ್ಲಿ ಅದಕ್ಕೆ ಪುಟ ಉಂಟು. ಈ ಪತ್ರಿಕೆಯ ತಪ್ಪುಗಳೂ ಆ ಲೆಕ್ಕಕ್ಕೇ ಸೇರಿದವು, ಧಾರಾಳ ಬೈಯಿರಿ. ಗುಂಪಿನಲ್ಲಿ ಬರೆದ ನೆರೆಯವರ ತಪ್ಪು ಅರ್ಥಕ್ಕೇ ತೊಡಕಾಗುವಂತಿದ್ದರೆ ಅವರೊಬ್ಬರಿಗೇ ಹೇಳಿ, ಇಲ್ಲವಾದರೆ ಸರಿಯಾದ ರೂಪವನ್ನು ನಿಮ್ಮ ಉತ್ತರದಲ್ಲಿ ಬಳಸಿ: ‘ಶ್ರಮದಾನಕ್ಕೆ ಬರುತ್ತೇನೆ, ಕತ್ತಿ ತರುತ್ತೇನೆ.’ ಬುದ್ಧಿವಂತರಿಗೆ ಅಷ್ಟು ಸಾಕು. ಅರ್ಥವಾದರೆ ಮತ್ತೆ ಮಾತೇ ಬೇಡ.

ಮುಂದಿನ ಸಂಚಿಕೆ ಮಳೆಗಾಲದ್ದು. ಬೆಟ್ಟಂಪಾಡಿ, ಇರ್ದೆ, ನಿಡ್ಪಳ್ಳಿ, ಪಾಣಾಜೆ ಸುತ್ತಿನವರು ತೋಡು, ಕಟ್ಟ, ಸುರಂಗಗಳ ಬಗ್ಗೆ ಗೊತ್ತಿದ್ದದ್ದನ್ನು ಬರೆದು ಕಳಿಸಬೇಕು. ಕೈಬರಹದ ಫೋಟೋ ಆದರೂ ಆಗಬಹುದು. ಕಾಗುಣಿತ ನಾವು ನೋಡಿಕೊಳ್ಳುತ್ತೇವೆ. ಜಾಗದ ಹೆಸರು, ಜನರ ಹೆಸರು, ಮದ್ದಿನ ಅಳತೆ ಇದ್ದಲ್ಲಿ ಮಾತ್ರ ಅಚ್ಚಿಗೆ ಕೊಡುವ ಮೊದಲು ಫೋನು ಮಾಡಿ ಕೇಳುತ್ತೇವೆ. ನಂಬ್ರ ಸರಿಯಾಗಿ ಬರೆಯಿರಿ.